ತೊಗರಿಗೆ ಹುಳು, ಚೌಕಟ್ಟಿಗೆ ಗೆದ್ದಲು: ಯುಗಾದಿಗೆ ಮುಂಚೆ ಮನೆಯಲ್ಲಿ ಏನೇನು ಮಾಡಬೇಕು?

ಪ್ರಶ್ನೆ: ನಮ್ಮ ಮನೆ ಕಲಬುರಗಿಯಲ್ಲಿದೆ. ಹಿಂದಿನ ಅರ್ಧ ಹಳೇ ಮಾಳಿಗೆ ಮನೆ, ಮುಂದಿನ ಅರ್ಧ ಆರ್‌ಸಿಸಿ. ಶಿವರಾತ್ರಿ ಮುಗಿದು ಬಿಸಿಲು ಏರಿತು ಅಂದರೆ ಒಂದೊಂದೇ ಕಾಟ ಶುರುವಾಗುತ್ತದೆ. ಅಡುಗೆಮನೆಯಲ್ಲಿ ಸಣ್ಣ ಜಿರಲೆ, ಬಚ್ಚಲಲ್ಲಿ ದೊಡ್ಡ ಜಿರಲೆ, ಹಳೇ ಬಾಗಿಲಿನ ಚೌಕಟ್ಟಿಗೆ ಗೆದ್ದಲು, ವರ್ಷಕ್ಕೆ ಅಂತ ಇಟ್ಟ ತೊಗರಿಗೆ ಹುಳು. ಹೋದ ವರ್ಷ ಹಿತ್ತಲಲ್ಲಿ ಚೇಳೂ ಕಂಡಿತ್ತು. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಕಾಳಿನ ಕೋಣೆಯಲ್ಲಿ ಗುಳಿಗೆ ಇಡಿ ಅಂತಾರೆ ಪಕ್ಕದ ಮನೆಯವರು. ಬೂದಿ, ಬೇವಿನ ಸೊಪ್ಪು ಸಾಕು ಅಂತಾರೆ ಅತ್ತೆ. ಪೆಸ್ಟ್ ಕಂಟ್ರೋಲ್‌ನವರು ವರ್ಷದ ಕಾಂಟ್ರಾಕ್ಟ್ ಮಾಡಿಕೊಳ್ಳಿ ಅಂತ ಬೆನ್ನು ಹತ್ತಿದ್ದಾರೆ. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಗುಳಿಗೆಯ ಮಾತು. ಉಳಿದದ್ದನ್ನು ಬಿಡುವಾದಾಗ ಓದಿ, ಇದನ್ನು ಮಾತ್ರ ಈಗಲೇ ಓದಿ, ಮನೆಯವರಿಗೂ ಓದಿ ಹೇಳಿ.

ಕಾಳಿನ ಕೋಣೆಯಲ್ಲಿ ಗುಳಿಗೆ ಇಡಬೇಡಿ. ಒಂದೂ ಇಡಬೇಡಿ. ಪಕ್ಕದವರು ಹೇಳುತ್ತಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನುವ ವಿಷದ ಗಾಳಿ ಹೊರಡುತ್ತದೆ. ಮೂರು ಗ್ರಾಂನ ಒಂದು ಗುಳಿಗೆಯಿಂದ ಒಂದು ಗ್ರಾಂ ಫಾಸ್ಫೀನ್ ಬರುತ್ತದೆ. ಅದು ಕಾಳಿನ ಚೀಲದಲ್ಲೇ ಕೂತಿರುವುದಿಲ್ಲ. ಬಾಗಿಲ ಸಂದಿಯಿಂದ, ಗೋಡೆಯ ಬಿರುಕಿನಿಂದ, ಮಾಳಿಗೆಯ ತೊಲೆಗಳ ನಡುವಿನಿಂದ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಮಲಗಿದವರಿಗೆ ರಾತ್ರಿ ತಲೆನೋವು, ವಾಂತಿ, ಎದೆ ಬಿಗಿತ ಶುರುವಾಗುತ್ತದೆ. ಊಟದ ದೋಷ ಇರಬೇಕು ಅಂದುಕೊಂಡು ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಾರೆ. ಈ ವಿಷಕ್ಕೆ ಮದ್ದು ಅಂತ ಯಾವುದೂ ಇಲ್ಲ. ಮೊದಲು ಬಲಿಯಾಗುವುದು ಮಕ್ಕಳು. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತದೆ ನಿಜ, ಆದರೆ ವಾಸನೆ ಬರದಿದ್ದರೆ ಗಾಳಿ ಶುದ್ಧ ಅಂತ ತಿಳಿಯಬೇಡಿ. ಕಾನೂನಿನ ಪ್ರಕಾರವೂ ಈ ಗುಳಿಗೆಯನ್ನು ಸರ್ಕಾರಿ ಸಂಸ್ಥೆಗಳಿಗೆ ಮತ್ತು ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಪೆಸ್ಟ್ ಕಂಟ್ರೋಲ್‌ನವರಿಗೆ ಮಾತ್ರ ಮಾರಬೇಕು. ಅಂಗಡಿಯಲ್ಲಿ ಬಿಡಿಯಾಗಿ ಎರಡು ಗುಳಿಗೆ ಕಟ್ಟಿ ಕೊಟ್ಟರೆ ಅದು ಕಾನೂನಿಗೆ ವಿರುದ್ಧ.

ಈಗಾಗಲೇ ಇಟ್ಟಿದ್ದರೆ ಅದರ ಮೇಲೆ ನೀರು ಹಾಕಬೇಡಿ. ನೀರು ಬಿದ್ದರೆ ಗಾಳಿ ಒಮ್ಮೆಲೇ ಹೊರಡುತ್ತದೆ. ಎಲ್ಲರೂ ಕೂಡಲೇ ಹೊರಗೆ ಬನ್ನಿ. ಬರುವ ದಾರಿಯಲ್ಲಿ ಕೈಗೆ ಸಿಗುವ ಬಾಗಿಲು, ಕಿಟಕಿ ತೆರೆದಿಡಿ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಯಾರಿಗಾದರೂ ವಾಂತಿ, ತಲೆಸುತ್ತು ಇದ್ದರೆ 108ಕ್ಕೆ ಮಾಡಿ, ಡಾಕ್ಟರಿಗೆ ಗುಳಿಗೆಯ ಹೆಸರು ಹೇಳಿ.

ಈಗ ನಿಮ್ಮ ಮನೆಗೆ ಬರೋಣ.

ಬಿಸಿಲು ಏರಿದ ಕೂಡಲೇ ಇವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುವುದಕ್ಕೆ ಕಾರಣ ಸರಳ. ಹುಳುಗಳ ಮೈಗೆ ಸ್ವಂತ ಕಾವು ಇಲ್ಲ. ಚಳಿಗಾಲದ ರಾತ್ರಿಗಳಲ್ಲಿ ಅವು ಸುಮ್ನೆ ಮೂಲೆ ಹಿಡಿದಿರುತ್ತವೆ, ಬೆಳೆಯುವುದೂ ನಿಧಾನ. ಮಾರ್ಚ್‌ನಲ್ಲಿ ನಮ್ಮ ಕಡೆ ಬಿಸಿಲು 35 ಡಿಗ್ರಿ ದಾಟಿತು ಅಂದರೆ, ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತಿದ್ದ ಹುಳು ಒಂದೇ ತಿಂಗಳಲ್ಲಿ ಬೆಳೆದು ಮೊಟ್ಟೆ ಇಡುತ್ತದೆ. ಹಾಗಾಗಿ ಶಿವರಾತ್ರಿಯಿಂದ ಯುಗಾದಿವರೆಗಿನ ಈ ದಿನಗಳು ನಿಮ್ಮ ಕೈಯಲ್ಲಿರುವ ದಿನಗಳು. ಈಗ ಅವುಗಳ ಸಂಖ್ಯೆ ಕಡಿಮೆ. ಮೇ ತಿಂಗಳಲ್ಲಿ ಇದೇ ಕೆಲಸಕ್ಕೆ ನಾಲ್ಕು ಪಟ್ಟು ಶ್ರಮ ಬೇಕಾಗುತ್ತದೆ.

ಇನ್ನೊಂದು ಮಾತು ನೆನಪಿಡಿ. ಒಂದೊಂದು ಹುಳುವೂ ಒಂದೊಂದರ ಆಸೆಗೆ ನಿಮ್ಮ ಮನೆಗೆ ಬಂದಿದೆ. ತೊಗರಿಯ ಹುಳು ಕಾಳಿಗೆ, ಗೆದ್ದಲು ತೇವ ಮತ್ತು ಕಟ್ಟಿಗೆಗೆ, ಜಿರಲೆ ಜಿಡ್ಡು ಮತ್ತು ನೀರಿಗೆ, ಚೇಳು ಜಿರಲೆಗೆ. ಅದಕ್ಕೇ ಎಲ್ಲಕ್ಕೂ ಒಂದೇ ಔಷಧಿ ಹೊಡೆದರೆ ಯಾವುದಕ್ಕೂ ಸರಿಯಾಗಿ ತಾಗುವುದಿಲ್ಲ. ಯಾವುದು ಯಾತಕ್ಕೆ ಬಂದಿದೆ ಅಂತ ನೋಡಿ, ಅದನ್ನು ತಪ್ಪಿಸಬೇಕು.

ತೊಗರಿಯಿಂದಲೇ ಶುರು ಮಾಡೋಣ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಮಾನ್ಯತೆ ಸಿಕ್ಕಿದೆ. ಅಂಥ ಕಾಳನ್ನು ಮನೆಯಲ್ಲಿ ಹುಳುವಿಗೆ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹುಳು ಬಿದ್ದರೆ ಮನೆಯ ಹೆಣ್ಣುಮಕ್ಕಳನ್ನೇ ಬೈಯುವುದು ಕೇಳಿದ್ದೇನೆ, ಡಬ್ಬಿ ಸರಿಯಾಗಿ ತೊಳೆದಿಲ್ಲ ಅಂತ. ಇದು ತಪ್ಪು. ಈ ಹುಳು ಬಹಳ ಸಲ ಹೊಲದಿಂದಲೇ ಬಂದಿರುತ್ತದೆ. ಕಾಯಿ ಬಲಿಯುವಾಗಲೇ ಅದರ ಮೇಲೆ ಮೊಟ್ಟೆ ಇಟ್ಟಿರುತ್ತದೆ. ರಾಶಿ ಮಾಡಿ, ತೂರಿ, ಚೀಲ ತುಂಬಿ ತಂದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಮರಿ ಕಾಳಿನ ಒಳಗೇ ಕೂತು ತಿನ್ನುತ್ತಿರುತ್ತದೆ. ಮಾರ್ಚ್‌ನ ಕಾವಿಗೆ ಹೊರಗೆ ಬರುತ್ತದೆ.

ಒಂದು ಹಿಡಿ ತೊಗರಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿ. ಕಾಳಿನ ಸಿಪ್ಪೆಯ ಮೇಲೆ ಅಂಟಿಕೊಂಡ ಬಿಳಿ ಚುಕ್ಕೆಗಳಿವೆಯಾ? ಗಸಗಸೆಗಿಂತ ಸಣ್ಣವು, ಉಗುರಿನಿಂದ ಕೆರೆದರೆ ಏಳುತ್ತವೆ. ಅವು ಮೊಟ್ಟೆ. ಕೆಲವು ಕಾಳಿನ ಮೇಲೆ ಗುಂಡಗೆ ಒಂದು ಮಬ್ಬು ಕಲೆ ಕಾಣುತ್ತದೆ, ಒಳಗಿನಿಂದ ತಿಂದು ಸಿಪ್ಪೆ ಮಾತ್ರ ಉಳಿದ ಜಾಗ. ಹುಳು ಇನ್ನೂ ಒಳಗೇ ಇದೆ, ನಾಲ್ಕಾರು ದಿನದಲ್ಲಿ ಆ ಸಿಪ್ಪೆಯನ್ನು ದುಂಡಗೆ ಕತ್ತರಿಸಿ ಹೊರಗೆ ಬರುತ್ತದೆ. ತೂತು ಬಿದ್ದ ಕಾಳಿನಿಂದ ಹುಳು ಆಗಲೇ ಹೋಗಿಬಿಟ್ಟಿದೆ. ಹೊರಗೆ ಬಂದ ಹುಳು ಕಾಳು ತಿನ್ನುವುದಿಲ್ಲ, ಬದುಕುವುದೂ ಒಂದೆರಡು ವಾರ ಅಷ್ಟೇ. ಆದರೆ ಅಷ್ಟರಲ್ಲಿ ಒಂದು ಹೆಣ್ಣು ಹತ್ತಿರ ಹತ್ತಿರ ನೂರು ಮೊಟ್ಟೆ ಇಟ್ಟು ಹೋಗುತ್ತದೆ. ಹಾರಾಡುವ ಹುಳುವನ್ನು ಮೊರದಲ್ಲಿ ಕೇರಿ ತೆಗೆದರೆ ಕೆಲಸ ಮುಗಿಯುವುದಿಲ್ಲ ಅನ್ನುವುದು ಇದಕ್ಕೇ. ಕಾಟವೆಲ್ಲ ಕಾಳಿನ ಒಳಗಿದೆ.

ಹಾಗಾದರೆ ಬಿಸಿಲಿಗೆ ಹಾಕಿದರೆ? ಹಾಕಬೇಕು, ಆದರೆ ಹಾಕುವ ರೀತಿ ಇದೆ. ಸುಮ್ನೆ ಚಾಪೆಯ ಮೇಲೆ ಹರವಿದರೆ ಮೇಲಿನ ಹುಳು ಹಾರಿ ಹೋಗುತ್ತದೆ, ಒಳಗಿನ ಮರಿ ಬಹಳಷ್ಟು ಉಳಿದುಬಿಡುತ್ತದೆ. ಕಾಳಿಗೆ 57 ಡಿಗ್ರಿ ಕಾವು ಒಂದು ಗಂಟೆ ಸಿಗಬೇಕು. ಆಗ ಮೊಟ್ಟೆ, ಮರಿ, ಹುಳು ಎಲ್ಲ ಸಾಯುತ್ತವೆ. ನಮ್ಮ ಬಿಸಿಲಿನಲ್ಲಿ ಇದು ಕಷ್ಟವೇನಲ್ಲ. ಮಾಳಿಗೆಯ ಮೇಲೆ ಮೊದಲು ಹಳೇ ಗೋಣಿಚೀಲ ಅಥವಾ ಕಂಬಳಿ ಹಾಸಿ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ತೊಗರಿಯನ್ನು ತೆಳ್ಳಗೆ ಹರವಿ, ಒಂದು ಬೆರಳಿನ ದಪ್ಪಕ್ಕಿಂತ ಜಾಸ್ತಿ ಬೇಡ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಅಂಚನ್ನು ಕಲ್ಲಿಟ್ಟು ಒತ್ತಿ. ಗಾಳಿ ನುಸುಳಬಾರದು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಡಿ. ನಡುವೆ ಒಮ್ಮೆ ಕೈಯಾಡಿಸಿ ಮತ್ತೆ ಮುಚ್ಚಿ. ಕಾಳು ಕೈಯಲ್ಲಿ ಹಿಡಿಯಲಾರದಷ್ಟು ಸುಡುತ್ತಿದ್ದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಲಿ. ಬಿಸಿಯಿದ್ದಾಗಲೇ ತುಂಬಿದರೆ ಡ್ರಮ್ಮಿನ ಒಳಗೆ ಬೆವರು ಕೂತು ಬೂಸ್ಟು ಹಿಡಿಯುತ್ತದೆ. ಬಿತ್ತನೆಗೆ ಇಟ್ಟ ಬೀಜವನ್ನು ಮಾತ್ರ ಇದರಲ್ಲಿ ಹಾಕಬೇಡಿ, ಅದನ್ನು ಬೇರೆ ಇಡಿ.

ಒಣಗಿದ ಮೇಲೆ ತುಂಬುವುದು ಗಾಳಿಯಾಡದ ಡ್ರಮ್ಮಿನಲ್ಲಿ. ಡ್ರಮ್ ಕಂಠದವರೆಗೆ ತುಂಬಿರಬೇಕು. ಅರ್ಧ ಖಾಲಿ ಬಿಟ್ಟರೆ ಒಳಗೆ ಉಸಿರಾಡುವಷ್ಟು ಗಾಳಿ ಇರುತ್ತದೆ. ಮುಚ್ಚಳದ ಸುತ್ತ ಅಗಲವಾದ ಟೇಪ್ ಸುತ್ತಿ, ಒಂದೂವರೆ ತಿಂಗಳು ತೆಗೆಯಬೇಡಿ. ಉಳಿದ ಒಂದೋ ಎರಡೋ ಹುಳು ಒಳಗಿನ ಆಮ್ಲಜನಕ ತೀರಿಸಿ ತಾವೇ ಸಾಯುತ್ತವೆ. ನಮ್ಮ ಹಿರಿಯರ ಹಗೇವು, ಅಂದರೆ ಕಾಳು ತುಂಬಿ ಮುಚ್ಚಿಡುವ ನೆಲದ ಗುಂಡಿ, ನಡೆಯುತ್ತಿದ್ದದ್ದೂ ಹೀಗೇ. ನೆಲದ ಒಳಗಿನ ಜೋಳ ಹುಳು ಹಿಡಿಯದೆ ವರ್ಷಗಟ್ಟಲೆ ಇರುತ್ತಿತ್ತು. ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು ಅಂತ ಹೇಳುತ್ತಿದ್ದದ್ದೂ ಇದೇ ಕಾರಣಕ್ಕೆ, ಒಳಗೆ ಮನುಷ್ಯರಿಗೂ ಉಸಿರಾಡಲು ಗಾಳಿ ಇರುತ್ತಿರಲಿಲ್ಲ. ದಿನದ ಅಡುಗೆಗೆ ಬೇಕಾದ ತಿಂಗಳ ಕಾಳನ್ನು ಬೇರೆ ಡಬ್ಬಿಯಲ್ಲಿ ಇಡಿ. ದೊಡ್ಡ ಡ್ರಮ್ಮನ್ನು ದಿನಾ ತೆರೆದರೆ ಮಾಡಿದ್ದೆಲ್ಲ ವ್ಯರ್ಥ.

ಇನ್ನೂ ಒಳ್ಳೆಯದು ಅಂದರೆ ಸಾಧ್ಯವಾದಷ್ಟನ್ನು ಬೇಳೆ ಮಾಡಿಸಿಬಿಡುವುದು. ಈ ಹುಳುವಿಗೆ ಬೇಕಾದದ್ದು ಇಡೀ ಕಾಳು. ಸಿಪ್ಪೆ ಹೋಗಿ ಎರಡು ಹೋಳಾದ ಬೇಳೆಯಲ್ಲಿ ಅದರ ಸಂಸಾರ ಅಷ್ಟಾಗಿ ನಡೆಯುವುದಿಲ್ಲ. ಇಡೀ ಕಾಳನ್ನೇ ಇಡಬೇಕು ಅಂದರೆ ಔಡಲೆಣ್ಣೆ ಸವರಿ. ಕಿಲೋಗೆ 5 ಎಂಎಲ್, ಅಂದರೆ ಒಂದು ಕ್ವಿಂಟಲ್‌ಗೆ ಅರ್ಧ ಲೀಟರ್. ಕೈಯಿಂದ ಚೆನ್ನಾಗಿ ಉಜ್ಜಿ, ಪ್ರತಿ ಕಾಳಿಗೂ ತಾಗಬೇಕು. ಎಣ್ಣೆಯ ಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ, ಹೊಸ ಮೊಟ್ಟೆ ಅಂಟಿಕೊಳ್ಳಲೂ ಬಿಡುವುದಿಲ್ಲ.

ಈಗ ಅತ್ತೆಯವರ ಬೂದಿ, ಬೇವಿನ ಸೊಪ್ಪು. ಬೂದಿಯ ಮಾತು ಸರಿ. ಕುಳ್ಳಿನ ಅಥವಾ ಕಟ್ಟಿಗೆಯ ಬೂದಿ ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆರೆದು ಅದನ್ನು ಒಣಗಿಸುತ್ತದೆ, ಕಾಳಿನ ನಡುವೆ ಓಡಾಡಲು ಬಿಡುವುದಿಲ್ಲ. ಆದರೆ ಮೇಲೆ ಒಂದು ಹಿಡಿ ಉದುರಿಸಿದರೆ ಏನೂ ಆಗುವುದಿಲ್ಲ. ಜರಡಿ ಹಿಡಿದ ಬೂದಿಯನ್ನು ಕಾಳಿನ ಸಂದುಗಳೆಲ್ಲ ತುಂಬುವಷ್ಟು ಬೆರೆಸಬೇಕು, ಮೇಲೆ ಎರಡು ಬೆರಳು ದಪ್ಪಕ್ಕೆ ಹಾಕಬೇಕು. ಬೇವಿನ ಸೊಪ್ಪು ಹೊಸ ಹುಳುವನ್ನು ಸ್ವಲ್ಪ ದೂರ ಇಡುತ್ತದೆ, ಕಾಳಿನ ಒಳಗಿರುವ ಮರಿಯನ್ನು ಕೊಲ್ಲುವುದಿಲ್ಲ. ಹಾಕುವುದಾದರೆ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಿ. ಹಸಿ ಸೊಪ್ಪು ಹಾಕಿದರೆ ತೇವ ನೀವೇ ತಂದುಕೊಟ್ಟಂತೆ. ಬೋರಿಕ್ ಪುಡಿಯನ್ನು ತಿನ್ನುವ ಕಾಳಿಗೆ ಬೆರೆಸುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಬೇಡವೇ ಬೇಡ, ಎಷ್ಟು ತೊಳೆದರೂ ಪೂರ್ತಿ ಹೋಗುತ್ತದೆ ಅನ್ನುವ ಭರವಸೆ ಇಲ್ಲ.

ಜೋಳದ ನುಸಿ ಬೇರೆ ಜಾತಿ. ಅದಕ್ಕೆ ಸಣ್ಣ ಸೊಂಡಿಲಿನಂಥ ಮೂತಿ ಇರುತ್ತದೆ. ಕಾಳಿಗೆ ತೂತು ಕೊರೆದು ಮೊಟ್ಟೆಯನ್ನು ಒಳಗೇ ಇಟ್ಟು ಮುಚ್ಚುತ್ತದೆ, ಹಾಗಾಗಿ ಬಿಳಿ ಚುಕ್ಕೆ ಕಾಣುವುದಿಲ್ಲ. ದೊಡ್ಡ ಹುಳುವೂ ತಿಂಗಳುಗಟ್ಟಲೆ ಬದುಕಿ ತಿನ್ನುತ್ತಲೇ ಇರುತ್ತದೆ. ಹಿಂಗಾರಿ ಜೋಳ ಈಗಷ್ಟೇ ಮನೆಗೆ ಬರುತ್ತಿರುವುದರಿಂದ ಒಂದು ಎಚ್ಚರ: ಹೋದ ವರ್ಷದ ಉಳಿದ ಜೋಳದ ಪಕ್ಕ ಹೊಸದನ್ನು ಇಡಬೇಡಿ. ಹಳೇ ಗೋಣಿಚೀಲವನ್ನು ಕುದಿಯುವ ನೀರಲ್ಲಿ ಅದ್ದಿ ಒಣಗಿಸದೆ ಮತ್ತೆ ತುಂಬಬೇಡಿ, ಅದರ ಹೊಲಿಗೆಯಲ್ಲೇ ನುಸಿ ಕೂತಿರುತ್ತದೆ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಮೆತ್ತಗೆ ಒತ್ತಿಕೊಂಡರೆ ಇನ್ನೂ ಎರಡು ಬಿಸಿಲು ಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಇಲಿ ಓಡಾಡಿದರೂ ಕಣ್ಣಿಗೆ ಬೀಳುತ್ತದೆ.

ಇನ್ನು ಗೆದ್ದಲು. ನೀವು ನಿಜವಾಗಿ ದುಡ್ಡು ಖರ್ಚು ಮಾಡಬೇಕಾದ ಜಾಗ ಇದು.

ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಏರಿದೆ ಅಲ್ವಾ? ಅದನ್ನು ಪೂರ್ತಿ ಕೆರೆದು ಹಾಕಬೇಡಿ. ನಡುವೆ ಎರಡು ಇಂಚು ಮಾತ್ರ ಒಡೆಯಿರಿ. ಒಳಗೆ ಬಿಳಿ ಹುಳು ಗಾಬರಿಯಿಂದ ಓಡುವುದು ಕಾಣಬಹುದು. ಒಂದೆರಡು ದಿನ ಬಿಟ್ಟು ನೋಡಿ. ಒಡೆದ ಜಾಗವನ್ನು ಹಸಿ ಮಣ್ಣಿನಿಂದ ಮತ್ತೆ ಮುಚ್ಚಿದ್ದರೆ ಗೂಡು ಜೀವಂತ ಇದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಎಲ್ಲಿ ಪೊಳ್ಳಾಗುತ್ತದೋ ಅಲ್ಲಿಯವರೆಗೆ ತಿಂದಿದೆ. ಹಳೇ ಭಾಗದ ತೊಲೆ, ಜಂತಿಗಳನ್ನೂ ಹೀಗೇ ತಟ್ಟಿ ನೋಡಿ, ಮುಖ್ಯವಾಗಿ ಗೋಡೆಯ ಒಳಗೆ ಕೂತಿರುವ ತುದಿಗಳನ್ನು. ತೊಲೆ ಪೊಳ್ಳಾಗಿದ್ದರೆ ಔಷಧಿಗಿಂತ ಮೊದಲು ಮೇಸ್ತ್ರಿಯನ್ನು ಕರೆಸಬೇಕು. ಮಳೆಗಾಲಕ್ಕೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಪೊಳ್ಳು ತೊಲೆ ಆ ಭಾರ ತಡೆಯುವುದಿಲ್ಲ.

ಸೀಮೆಎಣ್ಣೆ ಹಚ್ಚುವುದು, ಡೀಸೆಲ್ ಹಚ್ಚುವುದು ಬಹಳ ಮನೆಗಳಲ್ಲಿದೆ. ಹಚ್ಚಿದ ಜಾಗದ ಹುಳು ಸಾಯುತ್ತದೆ, ನಾಲ್ಕು ವಾರಕ್ಕೆ ಇನ್ನೊಂದು ಕಡೆ ಏಳುತ್ತದೆ. ಚೌಕಟ್ಟಿನಲ್ಲಿ ಇರುವುದು ಕೂಲಿ ಹುಳು ಮಾತ್ರ. ಗೂಡು, ರಾಣಿ ಎಲ್ಲ ನೆಲದಲ್ಲಿ, ಎಷ್ಟೋ ಸಲ ನಿಮ್ಮ ಗೋಡೆಯಿಂದ ಆಚೆ. ನೆಲದಿಂದ ಮನೆಗೆ ಬರುವ ದಾರಿಗೆ ಔಷಧಿ ಬೀಳಬೇಕು. ಕಟ್ಟಿದ ಮನೆಗೆ ಇದನ್ನು ಹೇಗೆ ಮಾಡಬೇಕು ಅಂತ ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗ ಹೇಳುತ್ತದೆ. ನೆಲ ಮತ್ತು ಗೋಡೆ ಸೇರುವ ಜಾಗದಲ್ಲಿ ಅಡಿಗೊಂದರಂತೆ 12 ಎಂಎಂ ತೂತು ಕೊರೆಯಬೇಕು, ತೂತಿಗೆ ಒಂದು ಲೀಟರ್‌ವರೆಗೆ ಔಷಧಿ ಇಳಿಸಬೇಕು, ಆಮೇಲೆ ಸಿಮೆಂಟಿನಿಂದ ಮುಚ್ಚಬೇಕು. ನಿಮ್ಮದು ಶಹಾಬಾದ್ ಫರಸಿಯ ನೆಲವಾದರೆ ಕಲ್ಲನ್ನೇ ಕೊರೆಯುವ ಬದಲು ಸಂದಿಯಲ್ಲಿ ಕೊರೆಯಲು ಹೇಳಿ, ಕಲ್ಲು ಸೀಳುವುದಿಲ್ಲ. ಚೌಕಟ್ಟಿನ ಬುಡಕ್ಕೆ ಓರೆಯಾಗಿ ಬೇರೆ ತೂತು ಬೇಕು. ಹೊರಗಡೆ ಗೋಡೆಯುದ್ದಕ್ಕೂ ಒಂದು ಅಡಿ ಆಳ ಅಗೆದು ಮಣ್ಣಿಗೇ ಔಷಧಿ ಬೆರೆಸಿ ಮುಚ್ಚಬೇಕು.

ಇಲ್ಲಿ ನಮ್ಮ ಎರೆಮಣ್ಣಿನ ಸಮಸ್ಯೆ ಇದೆ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿಗೆ ಔಷಧಿ ಸುರಿದರೆ ಸೀದಾ ಆಳಕ್ಕೆ ಇಳಿದು ಹೋಗುತ್ತದೆ, ಸುತ್ತಲಿನ ಮಣ್ಣಿಗೆ ಹರಡುವುದಿಲ್ಲ. ಹಾಗಾಗಿ ಮೊದಲು ಬಿರುಕುಗಳನ್ನು ಮೊರಮ್ ತುಂಬಿ ಮುಚ್ಚಿಸಿ. ಬಾವಿ, ಬೋರ್‌ವೆಲ್ ಅಥವಾ ನೆಲದೊಳಗಿನ ನೀರಿನ ಟಾಕಿ ಹತ್ತಿರ ಇದ್ದರೆ ಆ ಮಗ್ಗುಲಲ್ಲಿ ಔಷಧಿ ಇಳಿಸಲೇಬಾರದು, ಮೊದಲೇ ತೋರಿಸಿ ಹೇಳಿ.

ಯಾವ ಔಷಧಿ ಅಂತ ಕೇಳಿದರೆ, ಮಗು ಇರುವ ಮನೆಗೆ ನಾನು ಇಮಿಡಾಕ್ಲೋಪ್ರಿಡ್ ಹೇಳುತ್ತೇನೆ. 30.5 ಎಸ್‌ಸಿ ಅಂತ ಬಾಟಲಿಯ ಮೇಲೆ ಇರುತ್ತದೆ. ಲೀಟರ್ ನೀರಿಗೆ 2.1 ಎಂಎಲ್ ಬೆರೆಸಿದರೆ 0.075 ಶೇಕಡಾ ದ್ರಾವಣ ಆಗುತ್ತದೆ. ಕ್ಲೋರ್‌ಪೈರಿಫಾಸ್ ಕೂಡ ಬಳಕೆಯಲ್ಲಿದೆ, ಆದರೆ ಅದರ ಘಾಟು ಜಾಸ್ತಿ, ವಿಷವೂ ಜಾಸ್ತಿ. ಬಾಟಲಿಯ ಸೀಲನ್ನು ನಿಮ್ಮ ಕಣ್ಣೆದುರಿಗೇ ಒಡೆಯಲಿ, ನಿಮ್ಮ ಕಣ್ಣೆದುರಿಗೇ ಬೆರೆಸಲಿ. ಇದನ್ನು ಕೇಳುವುದು ಅನುಮಾನ ಪಟ್ಟಂತೆ ಅಲ್ಲ, ನಿಮ್ಮ ಹಕ್ಕು.

ಔಷಧಿ ಹಾಕಿಸಿ ತೇವ ಹಾಗೇ ಬಿಟ್ಟರೆ ಗೆದ್ದಲು ಮತ್ತೆ ದಾರಿ ಹುಡುಕುತ್ತದೆ. ಚೌಕಟ್ಟಿನ ಹಿಂದಿನ ಗೋಡೆ ಬಚ್ಚಲಿನದಾ, ನೋಡಿ. ನಾನು ನೋಡಿದ ಮನೆಗಳಲ್ಲಿ ಬಹಳಷ್ಟು ಸಲ ಹಾಗೇ ಇತ್ತು. ಸೋರುವ ಪೈಪು, ಗೋಡೆಗೆ ಒರಗಿಸಿಟ್ಟ ಕಟ್ಟಿಗೆ, ನೆಲದ ಮೇಲಿಟ್ಟ ರಟ್ಟಿನ ಡಬ್ಬಿ, ಗೋಡೆಗೆ ತಾಗಿಸಿಟ್ಟ ಹೂಕುಂಡ ಇವನ್ನು ಈ ವಾರವೇ ತೆಗೆಯಿರಿ.

ಅಡುಗೆಮನೆಯ ಸಣ್ಣ ಜಿರಲೆ, ಬಚ್ಚಲಿನ ದೊಡ್ಡ ಜಿರಲೆ ಎರಡೂ ಬೇರೆ. ಸಣ್ಣದರ ಕತ್ತಿನ ಹಿಂದೆ ಎರಡು ಕಪ್ಪು ಗೆರೆ ಇರುತ್ತವೆ. ಅದು ಹೊರಗಿನಿಂದ ದಿನಾ ಬರುವುದಲ್ಲ, ಅಡುಗೆಮನೆಯಲ್ಲೇ ಹುಟ್ಟಿ ಬೆಳೆಯುವುದು. ತರಕಾರಿ ಕ್ರೇಟು, ಕಿರಾಣಿ ಡಬ್ಬಿಯ ಜೊತೆ ಒಮ್ಮೆ ಬಂದು ಸೇರಿಕೊಳ್ಳುತ್ತದೆ. ಒಂದು ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಚೀಲವನ್ನು ಹಿಂದೆ ಹೊತ್ತುಕೊಂಡೇ ತಿರುಗುತ್ತದೆ. ಇದಕ್ಕೆ ಸ್ಪ್ರೇ ಹೊಡೆಯಬೇಡಿ. ಸ್ಪ್ರೇ ಹೊಡೆದರೆ ಎದುರಿಗಿದ್ದ ಹತ್ತು ಸಾಯುತ್ತವೆ, ಉಳಿದವು ಚದುರಿ ಇನ್ನೂ ಒಳಗೆ ಹೋಗುತ್ತವೆ. ಜೆಲ್ ತನ್ನಿ, ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಇರುವ ಜೆಲ್ ಸಿರಿಂಜಿನಲ್ಲಿ ಬರುತ್ತದೆ. ರಾತ್ರಿ ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋಗಿ. ಅವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಓಡುತ್ತವೆ ನೋಡಿಕೊಳ್ಳಿ. ಫ್ರಿಜ್ಜಿನ ಮೋಟರ್ ಹಿಂದೆ, ಮಿಕ್ಸರ್ ಕೆಳಗೆ, ಕಪಾಟಿನ ಕೀಲುಗಳಲ್ಲಿ, ಸಿಂಕಿನ ಅಡಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಚುಕ್ಕೆಗಳನ್ನು ಇಡಿ. ದೊಡ್ಡ ಮುದ್ದೆ ಒಂದು ಇಡುವುದಕ್ಕಿಂತ ಸಣ್ಣ ಚುಕ್ಕೆ ಇಪ್ಪತ್ತು ಕಡೆ ಇಟ್ಟರೆ ಲಾಭ. ತಿಂದ ಜಿರಲೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ, ಹೆಣ ತಿಂದವೂ ಸಾಯುತ್ತವೆ. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ, ಫಿನಾಯಿಲ್ ಏನೂ ಬೇಡ, ವಾಸನೆಗೆ ಹತ್ತಿರ ಬರುವುದಿಲ್ಲ. ಎರಡು ಮೂರು ವಾರಕ್ಕೆ ಹೊಸ ಚುಕ್ಕೆ ಇಡಿ. ಮಗುವಿನ ಕೈಗೆ ನಿಲುಕುವ ಎತ್ತರದಲ್ಲಿ ಮಾತ್ರ ಎಲ್ಲಿಯೂ ಬೇಡ.

ದೊಡ್ಡ ಜಿರಲೆ ಗಟಾರದಿಂದ ಬರುತ್ತದೆ. ಬಚ್ಚಲಿನ ಜಾಳಿಯ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಆ ನೀರೇ ಗಟಾರದ ಬಾಗಿಲು. ಬಳಸದ ಬಚ್ಚಲಿನಲ್ಲಿ ಬೇಸಿಗೆಗೆ ಆ ನೀರು ಆರಿಹೋಗುತ್ತದೆ, ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೆ ಒಂದು ಚೊಂಬು ನೀರು ಹಾಕಿದರೆ ಸಾಕು. ಚೇಂಬರ್ ಮೇಲಿನ ಕಲ್ಲಿನ ಸಂದಿಯನ್ನೂ ಸಿಮೆಂಟಿನಿಂದ ಮುಚ್ಚಿಸಿ.

ನೀವು ಕೇಳದೇ ಇದ್ದ ಒಂದನ್ನು ಹೇಳಲೇಬೇಕು, ಕೂಲರ್. ಈ ತಿಂಗಳು ಎಲ್ಲರ ಮನೆಯಲ್ಲೂ ಅಟ್ಟದಿಂದ ಕೂಲರ್ ಇಳಿಯುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲೆ ಅಲ್ಲ, ನೀರಿನ ಅಂಚಿನ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹೋದ ವರ್ಷ ತೊಳೆಯದೆ ಎತ್ತಿಟ್ಟ ಕೂಲರಿಗೆ ಈಗ ನೀರು ತುಂಬಿದರೆ ಆ ಮೊಟ್ಟೆಗಳೇ ಒಡೆಯುತ್ತವೆ. ನೀರು ತುಂಬುವ ಮುಂಚೆ ಒಳಗೋಡೆಯನ್ನು ಬ್ರಷ್‌ನಿಂದ ಗಟ್ಟಿಯಾಗಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ. ಹುಲ್ಲಿನ ಪ್ಯಾಡ್ ಹೊಸದು ಹಾಕಿ. ಆಮೇಲೆ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಬೇಕು, ಮೊಟ್ಟೆಯಿಂದ ಸೊಳ್ಳೆ ಆಗಲು ವಾರ ಹತ್ತು ದಿನ ಸಾಕು. ನಲ್ಲಿ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ತುಂಬಿಡಲೇಬೇಕು ಅನ್ನುವುದು ಗೊತ್ತು. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಹೊಸ ನೀರು ತುಂಬುವ ಮುಂಚೆ ಪ್ರತಿ ಸಲ ಒಳಗೆ ತಿಕ್ಕಿ.

ಚೇಳಿನ ವಿಷಯದಲ್ಲಿ ಮಗು ಇರುವುದರಿಂದ ಸಡಿಲ ಬಿಡಬೇಡಿ. ನಮ್ಮ ಭಾಗದಲ್ಲಿ ಇರುವ ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೆ ಬಹಳ ಅಪಾಯ. ಹಿತ್ತಲಲ್ಲಿ ಒಟ್ಟಿಟ್ಟ ಫರಸಿ ತುಂಡು, ಇಟ್ಟಿಗೆ, ಕುಳ್ಳು, ಕಟ್ಟಿಗೆ ಅದರ ಮನೆ. ಅದನ್ನೆಲ್ಲ ಗೋಡೆಯಿಂದ ದೂರ, ಸಾಧ್ಯವಾದರೆ ನೆಲದಿಂದ ಎತ್ತರದಲ್ಲಿ ಇಡಿಸಿ. ಎತ್ತುವಾಗ ಬರಿಗೈ ಹಾಕಬಾರದು. ಹಿಂದಿನ ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಮಂಚವನ್ನು ಗೋಡೆಯಿಂದ ಸರಿಸಿ, ಹೊದಿಕೆ ನೆಲಕ್ಕೆ ತಾಗದಿರಲಿ, ಚಪ್ಪಲಿ ಕೊಡವಿ ಹಾಕಿಕೊಳ್ಳಿ. ನೇರಳೆ ಬೆಳಕಿನ ಯುವಿ ಟಾರ್ಚ್ ಒಂದು ಮನೆಯಲ್ಲಿರಲಿ. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ, ಕತ್ತಲಲ್ಲಿ ಹಿತ್ತಲು ಒಂದು ಸುತ್ತು ನೋಡಿದರೆ ಗೊತ್ತಾಗಿಬಿಡುತ್ತದೆ. ಜಿರಲೆ ಕಡಿಮೆಯಾದರೆ ಚೇಳೂ ಕಡಿಮೆಯಾಗುತ್ತದೆ.

ಕಡಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ. ವಾಂತಿ, ಮೈತುಂಬ ಬೆವರು, ತಣ್ಣಗಾದ ಕೈಕಾಲು ಕಂಡರೆ ವಿಷ ಏರಿದೆ. ಅದು ಕಾಣಿಸುವವರೆಗೆ ಕಾಯದೆ ಸೀದಾ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಮಾತ್ರೆಯಿಂದ ಇಂಥವರನ್ನು ಉಳಿಸಬಹುದು ಅಂತ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಕೆಂಪು ಚೇಳು ಕಡಿದು ಆಸ್ಪತ್ರೆ ಸೇರಿದವರಲ್ಲಿ ಬಹಳ ಮಂದಿ ಸಾಯುತ್ತಿದ್ದರು. ಈಗ ಹೊತ್ತಿಗೆ ಸರಿಯಾಗಿ ತಲುಪಿದರೆ ಬಹುತೇಕರು ಉಳಿಯುತ್ತಾರೆ.

ಇರುವೆಗೆ ಹೆಚ್ಚು ಹೇಳುವುದಿಲ್ಲ. ಸಾಲನ್ನು ಸೋಪಿನ ನೀರಿನಿಂದ ಒರೆಸಿ, ವಾಸನೆಯ ಜಾಡು ಹೋಗುತ್ತದೆ. ಗೋಡೆಯಲ್ಲಿ ಅವು ಹೊರಡುವ ತೂತು ಮುಚ್ಚಿ. ಸೀಮೆಸುಣ್ಣದಂಥ ಔಷಧಿ ಕಡ್ಡಿಯಿಂದ ಗೆರೆ ಎಳೆಯುವುದು ನಿಮ್ಮ ಮನೆಯಲ್ಲಿ ಬೇಡ. ಎರಡು ವರ್ಷದ ಮಗುವಿಗೆ ಅದು ಬಾಯಿಗೆ ಹಾಕುವ ವಸ್ತು. ಇಲಿಗೂ ಪಾಷಾಣ ಬೇಡ, ಬೋನು ಇಡಿ. ಹೆಬ್ಬೆರಳು ತೂರುವ ತೂತಿನಲ್ಲಿ ಇಲಿ ತೂರುತ್ತದೆ, ಪೆನ್ಸಿಲ್ ತೂರುವ ತೂತಿನಲ್ಲಿ ಚಿಟ್ಟಿಲಿ ತೂರುತ್ತದೆ. ಕಾಳಿನ ಕೋಣೆಯಲ್ಲಿ ಅಂಥ ತೂತು ಹುಡುಕಿ ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಮುಚ್ಚಿಸಿ.

ಕೊನೆಗೆ ಕಾಂಟ್ರಾಕ್ಟ್. ಮೂರು ತಿಂಗಳಿಗೊಮ್ಮೆ ಬಂದು ಮನೆಯ ಮೂಲೆ ಮೂಲೆಗೆ ಸ್ಪ್ರೇ ಹೊಡೆಯುವ ಕಾಂಟ್ರಾಕ್ಟ್ ನಿಮಗೆ ಬೇಕಾಗಿಲ್ಲ. ನೆಲದಲ್ಲಿ ತೆವಳುವ, ಬೆರಳು ಬಾಯಿಗೆ ಹಾಕುವ ಮಗು ಇರುವ ಮನೆಯಲ್ಲಿ ಅದು ಒಳ್ಳೆಯದೂ ಅಲ್ಲ. ಆ ದುಡ್ಡನ್ನು ಗೆದ್ದಲಿಗೆ ಹಾಕಿ. ಬರುವವರ ಹತ್ತಿರ 1968ರ ಕೀಟನಾಶಕ ಕಾಯ್ದೆಯಡಿಯ ಲೈಸೆನ್ಸ್ ತೋರಿಸಲು ಹೇಳಿ. ಕೊಟೇಶನ್‌ನಲ್ಲಿ ಔಷಧಿಯ ಹೆಸರು, ಎಷ್ಟು ಶೇಕಡಾ ದ್ರಾವಣ, ಎಷ್ಟು ತೂತು, ಒಟ್ಟು ಎಷ್ಟು ಲೀಟರ್ ಅಂತ ಬರೆದಿರಬೇಕು. ಗೆದ್ದಲು ಮತ್ತೆ ಎದ್ದರೆ ಎಷ್ಟು ವರ್ಷದವರೆಗೆ ಬಿಟ್ಟಿ ಮಾಡಿಕೊಡುತ್ತಾರೆ ಅನ್ನುವುದೂ ಬರಹದಲ್ಲಿರಲಿ. ಬರೆದುಕೊಡಲು ಒಪ್ಪದವರನ್ನು ಬಿಟ್ಟು ಬೇರೆಯವರನ್ನು ನೋಡಿ. ಕೆಲಸದ ದಿನ ಮಗುವನ್ನು ತವರಿಗೋ ನೆಂಟರ ಮನೆಗೋ ಕಳಿಸಿ, ಕಾಳಿನ ಡ್ರಮ್, ನೀರಿನ ಕೊಡ ಎಲ್ಲ ಮುಂದಿನ ಭಾಗಕ್ಕೆ ಸಾಗಿಸಿ. ತೂತುಗಳನ್ನು ಮುಚ್ಚಿದ ಸಿಮೆಂಟ್ ಒಣಗಿ, ನೆಲ ಎರಡು ಸಲ ಒರೆಸಿ, ಒಂದು ರಾತ್ರಿ ಕಿಟಕಿ ತೆರೆದಿಟ್ಟ ಮೇಲೆ ಮಗುವನ್ನು ಕರೆತನ್ನಿ.